ವಿಆರ್ ತರಗತಿ: ಕನ್ನಡಕ ಸಿಕ್ಕಿತು, ಜೊತೆಗಾರ?

1968ರಲ್ಲಿ ಅಮೆರಿಕದ ಐವನ್ ಸದರ್ಲೆಂಡ್ ತಲೆಗೆ ಕಟ್ಟಿಕೊಂಡು ನೋಡುವ ಕಂಪ್ಯೂಟರ್ ಪರದೆಯೊಂದನ್ನು ಲೋಕದ ಮುಂದಿಟ್ಟರು. ತಲೆ ಯಾವ ಕಡೆ ತಿರುಗಿತು ಎಂದು ಅಳೆಯುವ ಸಲಾಕೆ ಚಾವಣಿಯಿಂದ ಇಳಿಬಿದ್ದಿತ್ತು. ಒಳಗೆ ಕಾಣುತ್ತಿದ್ದುದು ಬರೀ ಗೆರೆಗಳ ಆಕೃತಿ, ನೋಡುವವರೂ ಒಬ್ಬರೇ. ಹೀಗೆ ಒಂಟಿಯಾಗಿ ಹುಟ್ಟಿದ ವರ್ಚುವಲ್ ರಿಯಾಲಿಟಿಯನ್ನು (ವಿಆರ್) ಕೂಡಿ ಕಲಿಯುವ ಜಾಗವನ್ನಾಗಿ ಮಾಡಲು ವಿಶ್ವವಿದ್ಯಾಲಯಗಳು ಮೂರು ದಶಕಕ್ಕೂ ಹೆಚ್ಚು ಕಾಲದಿಂದ ಹೆಣಗುತ್ತಿವೆ. ಉಪಕರಣ ಸುಧಾರಿಸಿದ ವೇಗದಲ್ಲಿ ಪಾಠ ಸುಧಾರಿಸಿಲ್ಲ ಎಂಬುದು ನನ್ನ ಲೆಕ್ಕ.

ಜೊತೆಗಾರರು ಮೊದಲು ಬಂದದ್ದು ಚಿತ್ರದ ಮೂಲಕವಲ್ಲ, ಅಕ್ಷರದ ಮೂಲಕ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಕಟ್ಟಿದ ‘ಮಡ್’ ಆಟದಲ್ಲಿ ಹಲವರು ಟೈಪ್ ಮಾಡುತ್ತಲೇ ಒಂದೇ ಕಲ್ಪಿತ ಕೋಣೆಯೊಳಗೆ ಓಡಾಡಬಹುದಿತ್ತು. 1993ರಲ್ಲಿ ಎಂಐಟಿಯ ಏಮಿ ಬ್ರಕ್‌ಮನ್ ಇದೇ ಜಾಡಿನಲ್ಲಿ ಮಾಧ್ಯಮ ಸಂಶೋಧಕರಿಗಾಗಿ ‘ಮೀಡಿಯಾಮೂ’ ತೆರೆದರು. ಕಣ್ಣಿಗೆ ಏನೂ ಕಾಣದಿದ್ದರೂ ಮಾತಿಗೆ ಜನ ಸಿಗುತ್ತಿದ್ದರು.

ಚಿತ್ರ ಮತ್ತು ಜನ ಎರಡನ್ನೂ ಒಟ್ಟಿಗೆ ತರಲು ಹೊರಟದ್ದು ಷಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯ. 1992ರಲ್ಲಿ ಕರೊಲಿನಾ ಕ್ರೂಸ್-ನೀರಾ, ಡೇನಿಯಲ್ ಸ್ಯಾಂಡಿನ್ ಮತ್ತು ಥಾಮಸ್ ಡಿಫಾಂಟಿ ‘ಕೇವ್’ ಎಂಬ ಕೋಣೆಯನ್ನು ತೋರಿಸಿದರು. ಗೋಡೆಗಳೂ ನೆಲವೂ ಪರದೆಯೇ. ನಾಲ್ಕಾರು ಮಂದಿ ಮೂರು ಆಯಾಮದ ಕನ್ನಡಕ ಹಾಕಿಕೊಂಡು ಒಳಗೆ ನಿಲ್ಲಬಹುದು, ಪಕ್ಕದವರ ಮುಖ ನೋಡಬಹುದು, ಬೆರಳು ಮಾಡಿ ತೋರಿಸಬಹುದು. ಆದರೆ ಕಂಪ್ಯೂಟರ್ ಲೆಕ್ಕ ಹಾಕುತ್ತಿದ್ದುದು ಒಬ್ಬರ ಕಣ್ಣಿನ ನೆಲೆಯಿಂದ ಮಾತ್ರ. ಉಳಿದವರಿಗೆ ಅದೇ ಚಿತ್ರ ತುಸು ಓರೆಯಾಗಿ ಕಾಣುತ್ತಿತ್ತು. ಮೇಷ್ಟ್ರ ತಲೆಗೆ ಸೆನ್ಸರ್, ಶಿಷ್ಯರಿಗೆ ಓರೆನೋಟ! ಬೆಲೆಯೂ ದುಬಾರಿ, ಹಾಗಾಗಿ ಇದು ದೊಡ್ಡ ಪ್ರಯೋಗಾಲಯಗಳನ್ನು ದಾಟಿ ಸಾಮಾನ್ಯ ಕಾಲೇಜಿಗೆ ಬರಲಿಲ್ಲ.

ಸಾಮಾನ್ಯ ಕಾಲೇಜಿನ ಬಾಗಿಲು ತೆರೆದದ್ದು ಹೆಡ್‌ಸೆಟ್ ಬೇಡದ ‘ಸೆಕೆಂಡ್ ಲೈಫ್’. 2003ರಲ್ಲಿ ಲಿಂಡೆನ್ ಲ್ಯಾಬ್ ಆರಂಭಿಸಿದ ಈ ಲೋಕಕ್ಕೆ ಮನೆಯ ಕಂಪ್ಯೂಟರ್ ಸಾಕಿತ್ತು. 2006ರಲ್ಲಿ ಹಾರ್ವರ್ಡ್‌ನ ಚಾರ್ಲ್ಸ್ ನೆಸನ್ ಮತ್ತು ರೆಬೆಕಾ ನೆಸನ್ ‘ಸೈಬರ್‌ಒನ್’ ಎಂಬ ಕೋರ್ಸನ್ನು ಅಲ್ಲಿ ನಡೆಸಿದರು. ವಿಶ್ವವಿದ್ಯಾಲಯಗಳು ಪೈಪೋಟಿಗೆ ಬಿದ್ದು ಆ ಲೋಕದ ಕಲ್ಪಿತ ದ್ವೀಪಗಳನ್ನು ಕೊಂಡವು. ಬಹುತೇಕ ಕಡೆ ಆದದ್ದು ಇಷ್ಟೇ: ನಿಜದ ಸಭಾಂಗಣದ ನಕಲು, ಅದರಲ್ಲಿ ಸಾಲು ಕುರ್ಚಿ, ಮುಂದೆ ಸ್ಲೈಡ್. ಬಳಕೆದಾರರ ಪರವಾಗಿ ಪರದೆಯಲ್ಲಿ ಓಡಾಡುವ, ಹಾರಬಲ್ಲ ಅವತಾರಗಳನ್ನು ಕೈಕಟ್ಟಿ ಕೂರಿಸಿದ ಹಾಗಾಯಿತು. 2011ರಿಂದ ಕಂಪನಿ ಶಿಕ್ಷಣ ಸಂಸ್ಥೆಗಳ ರಿಯಾಯಿತಿಯನ್ನು ತೆಗೆದುಹಾಕಿತು. ಅನೇಕರು ದ್ವೀಪ ಬಿಟ್ಟು ಹೊರಟರು, ಕೆಲವರು ಮುಕ್ತ ತಂತ್ರಾಂಶವಾದ ಓಪನ್‌ಸಿಮ್ಯುಲೇಟರ್‌ಗೆ ಗಂಟುಮೂಟೆ ಸಾಗಿಸಿದರು.

ಆಮೇಲೆ ಹೆಡ್‌ಸೆಟ್ ಮತ್ತೆ ಮುನ್ನೆಲೆಗೆ ಬಂತು. 2012ರಲ್ಲಿ ಆಕ್ಯುಲಸ್ ರಿಫ್ಟ್ ಹೆಡ್‌ಸೆಟ್, 2014ರಲ್ಲಿ ಫೇಸ್‌ಬುಕ್‌ನಿಂದ ಆಕ್ಯುಲಸ್ ಖರೀದಿ, 2020ರಲ್ಲಿ ಅದೇ ಕಂಪನಿಯ ತಂತಿಯೇ ಬೇಡದ ಅಗ್ಗದ ಹೆಡ್‌ಸೆಟ್ ಕ್ವೆಸ್ಟ್ 2, ಅದೇ ವರ್ಷ ಕೋವಿಡ್.

2021ರಲ್ಲಿ ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೇಲೆನ್ಸನ್ ತಮ್ಮ ‘ವರ್ಚುವಲ್ ಪೀಪಲ್’ ಕೋರ್ಸನ್ನು ವಿಆರ್ ಒಳಗೇ ನಡೆಸಿದರು. ಎರಡು ಕಂತುಗಳಲ್ಲಿ 263 ವಿದ್ಯಾರ್ಥಿಗಳು ಹೆಡ್‌ಸೆಟ್ ತೊಟ್ಟು ಒಟ್ಟಾಗಿ ಕಳೆದದ್ದು ಎರಡು ಲಕ್ಷಕ್ಕೂ ಹೆಚ್ಚು ನಿಮಿಷ. ಒಂದೆರಡು ತಾಸಿನ ಪ್ರಯೋಗ ನಡೆಸಿ ತೀರ್ಪು ಕೊಡುತ್ತಿದ್ದ ಕ್ಷೇತ್ರಕ್ಕೆ ಇದು ದೊಡ್ಡ ನೆಗೆತ. ವಾರಗಟ್ಟಲೆ ಗಮನಿಸಿದಾಗ ಸ್ವಾರಸ್ಯದ ಸಂಗತಿಗಳು ಹೊರಬಂದವು. ತಮ್ಮನ್ನೇ ಹೋಲುವ ಅವತಾರ ತೊಟ್ಟಾಗ ವಿದ್ಯಾರ್ಥಿಗಳ ಹಾವಭಾವ ಒಬ್ಬರಿಗೊಬ್ಬರು ಹೆಚ್ಚು ಹೊಂದಿಕೊಂಡಿತು, ಆದರೆ ಹೆಚ್ಚು ಖುಷಿ ಸಿಕ್ಕಿದ್ದು ಎಲ್ಲರೂ ಒಂದೇ ಥರದ ಅವತಾರದಲ್ಲಿದ್ದಾಗ. ಇಕ್ಕಟ್ಟಾದ ಕೋಣೆಗಿಂತ ವಿಶಾಲವಾದ ಜಾಗದಲ್ಲಿ ಗುಂಪಿನ ಭಾವನೆ ಗಟ್ಟಿಯಾಯಿತು. ಬಯಲಲ್ಲಿ ಕೂತರೆ ಚರ್ಚೆ ಚೆನ್ನಾಗಿ ನಡೆಯುತ್ತದೆ ಎಂಬುದು ಹಳ್ಳಿಕಟ್ಟೆಯಲ್ಲಿ ಕೂತವರಿಗೆ ಹೊಸ ಸುದ್ದಿಯೇನಲ್ಲ. ಸಭಾಂಗಣದ ನಕಲು ಕಟ್ಟಿದವರಿಗೆ ಮಾತ್ರ ಅದನ್ನು ಹೇಳಬೇಕಾಗಿತ್ತು.

ಇಷ್ಟಾದರೂ ಕಲಿಕೆ ಹೆಚ್ಚಿತೇ? ಡೆನ್ಮಾರ್ಕಿನ ಗೀಡೋ ಮಕ್ರಾನ್‌ಸ್ಕಿ ಮತ್ತು ಸಂಗಡಿಗರ 2019ರ ಪ್ರಬಂಧ ಇಲ್ಲಿ ತಣ್ಣೀರೆರಚಿತು. ಒಂದೇ ವಿಜ್ಞಾನ ಪ್ರಯೋಗವನ್ನು ಹೆಡ್‌ಸೆಟ್‌ನಲ್ಲಿ ಮಾಡಿದವರಿಗೆ ‘ಅಲ್ಲೇ ಇದ್ದೇವೆ’ ಎನ್ನುವ ಅನುಭವ ಹೆಚ್ಚಾಗಿತ್ತು, ಕಲಿತದ್ದು ಮಾತ್ರ ಕಂಪ್ಯೂಟರ್ ಪರದೆಯಲ್ಲಿ ನೋಡಿದವರಿಗಿಂತ ಕಡಿಮೆ. ಕಣ್ಣು ತುಂಬಿದಷ್ಟೂ ತಲೆಗೆ ಭಾರ. ಜೊಸೆಲಿನ್ ಪರೋಂಗ್ ಮತ್ತು ರಿಚರ್ಡ್ ಮೇಯರ್ 2018ರಲ್ಲಿ ಇದಕ್ಕೊಂದು ಸರಳ ಮದ್ದು ತೋರಿಸಿದ್ದರು: ಪಾಠವನ್ನು ತುಂಡು ಮಾಡಿ, ನಡುನಡುವೆ ಸಾರಾಂಶ ಬರೆಸಿದರೆ ವಿಆರ್‌ನಲ್ಲೂ ಕಲಿಕೆ ಸುಧಾರಿಸುತ್ತದೆ. ಇವೆರಡೂ ಒಬ್ಬೊಬ್ಬರೇ ಕಲಿತ ಪ್ರಯೋಗಗಳು ಎಂಬುದನ್ನು ಮರೆಯಬಾರದು. ಕೂಡಿ ಕಲಿಯುವಾಗ ಸಾರಾಂಶ ಬರೆಸುವ ಕೆಲಸವನ್ನು ಗೆಳೆಯನ ಒಂದು ಪ್ರಶ್ನೆಯೇ ಮಾಡಬಲ್ಲದು ಎಂದು ನನಗನ್ನಿಸುತ್ತದೆ.

ಇನ್ನೊಂದು ತೊಂದರೆಯ ಬಗ್ಗೆ ಸಂಶೋಧಕರು ಅಷ್ಟಾಗಿ ಬರೆಯುವುದಿಲ್ಲ. ಈ ತರಗತಿಗಳು ಬಹುಪಾಲು ಬೇರೆ ಕಂಪನಿಗಳ ಬಾಡಿಗೆ ಮನೆಗಳು. ಮೈಕ್ರೋಸಾಫ್ಟ್ ಕೊಂಡಿದ್ದ ವಿಆರ್ ತಾಣ ಆಲ್ಟ್‌ಸ್ಪೇಸ್ 2023ರ ಮಾರ್ಚ್‌ನಲ್ಲಿ ಮುಚ್ಚಿತು. ಬ್ರೌಸರಿನಲ್ಲೇ ತೆರೆಯುತ್ತಿದ್ದ ಮೊಜಿಲ್ಲಾ ಹಬ್ಸ್ ಅನೇಕ ಅಧ್ಯಾಪಕರ ಮೆಚ್ಚಿನದಾಗಿತ್ತು. 2024ರ ಮೇ ಕೊನೆಗೆ ಮೊಜಿಲ್ಲಾ ಅದನ್ನೂ ಕೈಬಿಟ್ಟಿತು. ಹಬ್ಸ್‌ನ ಕೋಡ್ ಮುಕ್ತವಾಗಿದ್ದರಿಂದ ಆಸಕ್ತರು ಅದನ್ನು ಉಳಿಸಿಕೊಂಡರು, ಆಲ್ಟ್‌ಸ್ಪೇಸ್‌ನಲ್ಲಿ ಕಟ್ಟಿದ ಕೋಣೆಗಳಿಗೆ ಆ ಭಾಗ್ಯವಿರಲಿಲ್ಲ.

ನಮ್ಮಲ್ಲಿ ಕೇಂದ್ರ ಸರ್ಕಾರದ ವರ್ಚುವಲ್ ಲ್ಯಾಬ್ಸ್ ಯೋಜನೆಯಿದೆ, ಸುರತ್ಕಲ್‌ನ ಎನ್‌ಐಟಿಕೆಯೂ ಅದರ ಪಾಲುದಾರ. ಅದು ವಿಆರ್ ಅಲ್ಲ, ಬ್ರೌಸರಿನಲ್ಲಿ ಒಬ್ಬೊಬ್ಬರೇ ಮಾಡುವ ಪ್ರಯೋಗ. ಆದರೆ ಸಾಮಾನ್ಯ ಕಂಪ್ಯೂಟರಿನಲ್ಲಿ, ಉಚಿತವಾಗಿ ಸಿಗುತ್ತದೆ. ಅದಕ್ಕೆ ಇಬ್ಬರು ಕೂಡಿ ಮಾಡಬೇಕಾದ ಪಾಠಗಳನ್ನು ಸೇರಿಸುವುದು ಹೆಡ್‌ಸೆಟ್ ತುಂಬಿದ ಬೀರುವಿಗಿಂತ ಒಳ್ಳೆಯ ಆರಂಭ. ವಿಆರ್ ಲ್ಯಾಬಿಗೆ ಟೆಂಡರ್ ಕರೆಯಲಿರುವ ಪ್ರಾಂಶುಪಾಲರು ಮಾರಾಟಗಾರರನ್ನು ಎರಡು ಪ್ರಶ್ನೆ ಕೇಳಲಿ: ಇದರಲ್ಲಿ ಒಬ್ಬರಿಂದಲೇ ಆಗದ ಕೆಲಸ ಯಾವುದು? ನಿಮ್ಮ ಕಂಪನಿ ಮುಚ್ಚಿದರೆ ನಮ್ಮ ಪಾಠ ನಮ್ಮ ಕೈಗೆ ಬರುತ್ತದೆಯೇ?