ಸರಳಿನ ಬ್ರೇಕು

ನಮ್ಮ ಮನೆಯಲ್ಲಿ 1930ರ ಫೋರ್ಡ್ ‘ಎ’ ಮಾದರಿಯ ಮೋಟಾರೊಂದುಂಟು. ಮಳೆ ನಿಂತ ಒಂದು ಬೆಳಿಗ್ಗೆ ಇಳಿಜಾರಿನಲ್ಲಿ ಬ್ರೇಕು ತುಳಿದೆ. ಗಾಡಿ ಎಡಕ್ಕೆ ಹೊರಳಿ ಚರಂಡಿಯ ಅಂಚಿನಲ್ಲಿ ನಿಂತಿತು. ಪಕ್ಕದಲ್ಲಿ ಮೊಮ್ಮಗಳು ಕುಳಿತಿದ್ದಳು. ತಪ್ಪು ಗಾಡಿಯದಲ್ಲ, ವರ್ಷಗಟ್ಟಲೆ ಬ್ರೇಕುಗಳನ್ನು ಬಿಚ್ಚಿ ನೋಡದಿದ್ದ ನನ್ನದು.

ಈ ಗಾಡಿಯಲ್ಲಿ ಪೆಡಲಿನಿಂದ ಚಕ್ರದವರೆಗೆ ಉಕ್ಕಿನ ಸರಳುಗಳದೇ ಕಾರುಬಾರು. ಪೆಡಲು ತುಳಿದರೆ ಅಡ್ಡದಂಡ ತಿರುಗಿ ನಾಲ್ಕು ಸರಳುಗಳನ್ನು ಎಳೆಯುತ್ತದೆ. ಆ ಎಳೆತಕ್ಕೆ ಡ್ರಮ್ಮಿನೊಳಗಿನ ಶೂಗಳು ಅಗಲವಾಗುತ್ತವೆ. ಎಲ್ಲೋ ಒಂದು ಕೀಲು ಸವೆದರೂ ಸಾಕು, ಒಂದು ಚಕ್ರ ಮೊದಲು ಹಿಡಿಯುತ್ತದೆ, ಇನ್ನೊಂದು ಹಿಂದೆ ಬೀಳುತ್ತದೆ.

ಇದಕ್ಕೆ ಮದ್ದು ಆಗಲೇ ಹುಟ್ಟಿತ್ತು. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ರೂಪಿಸಿದ ದ್ರವದ ಬ್ರೇಕು 1921ರಲ್ಲಿ ಡ್ಯೂಸನ್‌ಬರ್ಗ್ ಕಾರಿನ ನಾಲ್ಕೂ ಚಕ್ರಗಳಿಗೆ ಬಂತು. ಮುಚ್ಚಿದ ಕೊಳವೆಯ ದ್ರವ ಪಕ್ಷಪಾತ ಅರಿಯದು. ಒತ್ತಡವನ್ನು ಎಲ್ಲೆಡೆಗೂ ಸಮನಾಗಿ ಹಂಚುತ್ತದೆ. ಮೊದಮೊದಲು ಅದು ಸೋರುತ್ತಿತ್ತು ನಿಜ. ಕ್ರೈಸ್ಲರ್ ಎಂಜಿನಿಯರುಗಳು ರಬ್ಬರಿನ ಬಟ್ಟಲುಗಳನ್ನಿಟ್ಟು ಅದನ್ನು ಸುಧಾರಿಸಿದರು. 1928ರಲ್ಲಿ ಕಡಿಮೆ ಬೆಲೆಯ ಪ್ಲಿಮತ್ ಕಾರಿಗೂ ಅದು ಇಳಿದುಬಂತು.

ಹೆನ್ರಿ ಫೋರ್ಡ್ ಮಾತ್ರ ಜಗ್ಗಲಿಲ್ಲ. ಅವನ ನಂಬಿಕೆಯೆಲ್ಲ ಉಕ್ಕಿನ ಮೇಲೆ. ಅದರಲ್ಲಿ ಹುರುಳಿಲ್ಲದೆ ಇರಲಿಲ್ಲ. ಆ ಕಾಲದ ದ್ರವದ ಬ್ರೇಕಿನಲ್ಲಿ ಕೊಳವೆಯೊಂದು ಒಡೆದರೆ ನಾಲ್ಕು ಚಕ್ರಗಳೂ ಒಟ್ಟಿಗೆ ಕೈಕೊಡುತ್ತಿದ್ದವು. ಆದರೂ ಕಾಲ ಯಾರ ಹಟವನ್ನೂ ಉಳಿಸುವುದಿಲ್ಲ. 1939ರ ಮಾದರಿಗಳಲ್ಲಿ ಫೋರ್ಡ್ ಕಾರುಗಳಿಗೂ ದ್ರವವೇ ಬಂತು.

“ಹಾಗಾದರೆ ನಮ್ಮದಕ್ಕೂ ಅದನ್ನೇ ಹಾಕಿಸಿಬಿಡಿ, ಅಪ್ಪ” ಎಂದ ಮಗ. ನನ್ನ ಮನಸ್ಸೂ ಡೋಲಾಯಮಾನವಾಯಿತು. ಮೇಸ್ತ್ರಿ ಏನೂ ಹೇಳದೆ ನಾಲ್ಕು ಚಕ್ರಗಳನ್ನೂ ನೆಲದಿಂದ ಎತ್ತಿ ನಿಲ್ಲಿಸಿದರು. ಡ್ರಮ್ಮಿನ ಧೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಿದರು. ಹಳೆಯ ಪಟ್ಟಿಗಳಲ್ಲಿ ಕಲ್ನಾರು ಇರುತ್ತದೆ, ಅದು ಶ್ವಾಸಕೋಶಕ್ಕೆ ವಿಷ. ಸವೆದ ಪಿನ್ನುಗಳನ್ನೂ ಪಟ್ಟಿಗಳನ್ನೂ ಬದಲಾಯಿಸಿದ ಮೇಲೆ ನನ್ನನ್ನು ಪೆಡಲಿನ ಮುಂದೆ ಕೂರಿಸಿದರು. ನಾನು ಸ್ವಲ್ಪಸ್ವಲ್ಪವೇ ತುಳಿಯುತ್ತ ಹೋದೆ. ಅವರು ಒಂದೊಂದು ಚಕ್ರವನ್ನೂ ಕೈಯಿಂದ ತಿರುಗಿಸಿ, ಹಿಡಿತವನ್ನು ಅಳೆದು, ತಿರುಪು ಬಿಗಿಮಾಡಿದರು. ಅರ್ಧ ದಿನ ಹಿಡಿಯಿತು.

ಆಗ ನನಗೆ ಅರ್ಥವಾಯಿತು: ದ್ರವ ತಾನಾಗಿ ಮಾಡುವ ನ್ಯಾಯವನ್ನು ಸರಳಿನ ಬ್ರೇಕಿನಲ್ಲಿ ಮನುಷ್ಯನ ಕೈಯೇ ಮಾಡಬೇಕು, ಮತ್ತೆ ಮತ್ತೆ ಮಾಡಬೇಕು. ಅಷ್ಟು ತಾಳ್ಮೆಯಿಲ್ಲದವನು ಇಂಥ ಗಾಡಿಯನ್ನು ರಸ್ತೆಗೆ ತರಬಾರದು. ಸರಳುಗಳನ್ನು ಉಳಿಸಿಕೊಂಡೆ, ತಿಂಗಳಿಗೊಮ್ಮೆ ನೋಡುವುದೆಂದು ಪಂಚಾಂಗದಲ್ಲಿ ಗುರುತು ಹಾಕಿದೆ.

ಮರುದಿನ ಅದೇ ಇಳಿಜಾರಿಗೆ ನಾನೊಬ್ಬನೇ ಹೋದೆ. ಗಾಡಿ ನೇರವಾಗಿ ನಿಂತಿತು. ಮೊಮ್ಮಗಳನ್ನು ಕೂರಿಸಿಕೊಂಡದ್ದು ಅದರ ಮಾರನೆಯ ದಿನ.