ಪತ್ರದೊಳಗಿನ ಮನೆವಾರ್ತೆ ಮತ್ತು ಹಕ್ಕಿನ ಮಾತು: ಅಬಿಗೇಲ್ ಆಡಮ್ಸ್‌ಳ 1776ರ ಪತ್ರದ ಒಂದು ಓದು

ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದಲ್ಲಿ ಮಹಿಳೆಯರ ಪಾತ್ರವನ್ನು ಕುರಿತ ಚರ್ಚೆಗಳಲ್ಲಿ ತಪ್ಪದೆ ಉಲ್ಲೇಖಗೊಳ್ಳುವ ಪತ್ರವೊಂದಿದೆ. 1776ರ ಮಾರ್ಚ್ 31ರಂದು ಮ್ಯಾಸಚೂಸೆಟ್ಸ್‌ನ ಬ್ರೈನ್‌ಟ್ರೀ ಗ್ರಾಮದಿಂದ ಅಬಿಗೇಲ್ ಆಡಮ್ಸ್ ತನ್ನ ಪತಿ ಜಾನ್ ಆಡಮ್ಸ್‌ನಿಗೆ ಬರೆದ ಪತ್ರವದು. ಹೊಸ ಕಾನೂನುಗಳನ್ನು ರೂಪಿಸುವಾಗ ಹೆಂಗಸರನ್ನು ಮರೆಯಬಾರದೆಂಬ ಆಕೆಯ ಮಾತು ಪತ್ರದಿಂದ ಬೇರ್ಪಟ್ಟು ಘೋಷಣೆಯ ರೂಪ ತಾಳಿದೆ. ಆದರೆ ಆ ಮಾತಿಗೆ ಬಲ ಎಲ್ಲಿಂದ ಬಂದಿತೆಂಬುದು ಪತ್ರವನ್ನು ಇಡಿಯಾಗಿ ಓದಿದಾಗಲಷ್ಟೇ ಸ್ಪಷ್ಟವಾಗುತ್ತದೆ.

1764ರಲ್ಲಿ ವಿವಾಹವಾದ ಈ ದಂಪತಿಗಳ ದೀರ್ಘ ಅಗಲಿಕೆ ಆರಂಭವಾದುದು 1774ರಲ್ಲಿ, ಜಾನ್ ಕಾಂಟಿನೆಂಟಲ್ ಕಾಂಗ್ರೆಸ್ಸಿನ ಪ್ರತಿನಿಧಿಯಾಗಿ ಫಿಲಡೆಲ್ಫಿಯಾಕ್ಕೆ ತೆರಳಿದಾಗ. ಹೊಲ, ಆಳುಕಾಳು, ನಾಲ್ವರು ಮಕ್ಕಳ ಹೊಣೆ ಅಬಿಗೇಲಳ ಪಾಲಿಗೆ ಬಂದಿತು. 1775ರ ಜೂನ್ 17ರಂದು ನಡೆದ ಬಂಕರ್ ಹಿಲ್ ಕದನದ ಹೊಗೆಯನ್ನು ಆಕೆ ಏಳು ವರ್ಷದ ಮಗನೊಂದಿಗೆ ಮನೆಯ ಸಮೀಪದ ಗುಡ್ಡದಿಂದ ಕಂಡಳು. ಅದೇ ವರ್ಷ ಹಬ್ಬಿದ ಆಮಶಂಕೆಗೆ ಅಕ್ಟೋಬರ್ 1ರಂದು ಆಕೆಯ ತಾಯಿ ಬಲಿಯಾದಳು. 1776ರ ಮಾರ್ಚ್ 17ರಂದು ಬ್ರಿಟಿಷ್ ಸೇನೆ ಬಾಸ್ಟನ್ ನಗರವನ್ನು ತೆರವುಗೊಳಿಸಿತು. ಪ್ರಸ್ತುತ ಪತ್ರ ಅದಾದ ಎರಡು ವಾರಗಳ ತರುವಾಯದ್ದು.

ಪತ್ರ ಆರಂಭವಾಗುವುದು ಆಕ್ಷೇಪಣೆಯಿಂದ. ತಾನು ಬರೆಯುವುದರ ಅರ್ಧದಷ್ಟಾದರೂ ಪತಿ ಬರೆಯಬಾರದೇ ಎಂಬುದು ಆಕೆಯ ಕೊರಗು. ಮುಂದೆ, ಇತರರ ಸ್ವಾತಂತ್ರ್ಯವನ್ನು ಕಸಿದು ರೂಢಿಯಾದ ವರ್ಜೀನಿಯಾದವರಲ್ಲಿ ಸ್ವಾತಂತ್ರ್ಯದ ಹಂಬಲ ಅಷ್ಟೇ ತೀವ್ರವಾಗಿರಲು ಸಾಧ್ಯವೇ ಎಂದು ಶಂಕಿಸುತ್ತಾಳೆ. ಸಿಡುಬಿನ ಭೀತಿಯಿಂದಾಗಿ ಬಾಸ್ಟನ್ನಿಗೆ ಸ್ವತಃ ಹೋಗಲಾಗದಿದ್ದರೂ, ಅಲ್ಲಿನ ತಮ್ಮ ಮನೆಯಲ್ಲಿ ಸೇನೆಯ ವೈದ್ಯನೊಬ್ಬ ತಂಗಿದ್ದನೆಂದೂ ಮನೆ ಕೊಳಕಾಗಿದೆಯೇ ಹೊರತು ಬೇರೆ ಹಾನಿಯಾಗಿಲ್ಲವೆಂದೂ ವರದಿ ಮಾಡುತ್ತಾಳೆ. ಒಂದು ತಿಂಗಳ ಹಿಂದೆ, ಬಿತ್ತಿದ್ದನ್ನು ಕೊಯ್ಯುವ ಭರವಸೆಯೂ ಇರದಿದ್ದ ಜನರಿಗೆ ಈಗ ವಸಂತದ ಬರವೇ ಬೇರೆಯಾಗಿ ತೋರುತ್ತಿದೆ ಎನ್ನುತ್ತಾಳೆ.

ಹೆಂಗಸರ ಹಕ್ಕಿನ ಮಾತು ಬರುವುದು ಈ ನೆಮ್ಮದಿಯ ಬೆನ್ನಿಗೆ. ಗಂಡಂದಿರ ಕೈಗೆ ಮಿತಿಯಿಲ್ಲದ ಅಧಿಕಾರ ಕೊಡಬಾರದು, ತಮಗೆ ದನಿಯಾಗಲೀ ಪ್ರಾತಿನಿಧ್ಯವಾಗಲೀ ಇಲ್ಲದ ಕಾನೂನಿಗೆ ಹೆಂಗಸರು ಕಟ್ಟುಬೀಳಲಾರರು ಎಂಬುದು ಅದರ ಸಾರ. ಪ್ರಾತಿನಿಧ್ಯವಿಲ್ಲದೆ ತೆರಿಗೆ ಸಲ್ಲದೆಂದು ವಸಾಹತುಗಳವರು ಬ್ರಿಟನ್ನಿನ ವಿರುದ್ಧ ಹೂಡಿದ್ದ ವಾದವನ್ನೇ ಆಕೆ ಗೃಹದೊಳಕ್ಕೆ ತಿರುಗಿಸಿದ್ದಾಳೆ. ಇಂಗ್ಲಿಷ್ ಸಾಮಾನ್ಯ ಕಾನೂನಿನನ್ವಯ ವಿವಾಹಿತೆಯ ಚರಾಸ್ತಿಯೂ ಗಳಿಕೆಯೂ ಪತಿಗೆ ಸೇರುತ್ತಿದ್ದವು. ಜಮೀನಿನ ಆಡಳಿತವೂ ಅವನದೇ ಆಗಿತ್ತು. ಅಬಿಗೇಲ್ ವರ್ಷಗಟ್ಟಲೆ ನಡೆಸಿದ ಸಂಸಾರ ಕಾನೂನಿನ ಕಣ್ಣಿಗೆ ಆಕೆಯದಾಗಿರಲಿಲ್ಲ.

ಪತ್ರ ಅಲ್ಲಿಗೆ ಮುಗಿಯುವುದಿಲ್ಲ. ಅದನ್ನು ಕಳುಹಿಸುವ ಅವಕಾಶ ತಡವಾದುದರಿಂದ ಏಪ್ರಿಲ್ 5ರಂದು ಆಕೆ ಮತ್ತಷ್ಟು ಸಾಲುಗಳನ್ನು ಸೇರಿಸಿದಳು. ನೆರೆಮನೆಯವರು ಒಂದೇ ವಾರದಲ್ಲಿ ಇಬ್ಬರು ಮಕ್ಕಳನ್ನು ಕಳೆದುಕೊಂಡಿದ್ದರು. ಆ ದುಃಖದ ಮನೆಯಿಂದ ಬಂದು ಬರೆದ ಸಾಲುಗಳಲ್ಲೇ ಪತಿಯ ಪ್ರಶ್ನೆಗೆ ಉತ್ತರವೂ ಇದೆ: ಪೆಟ್ಲುಪ್ಪು ತಯಾರಿಸಲು ಇನ್ನೂ ತೊಡಗಿಲ್ಲ, ಸೋಪು ಕಾಯಿಸುವ ಕೆಲಸ ಮುಗಿದ ಮೇಲೆ ಪ್ರಯತ್ನಿಸಬಹುದು, ಮನೆಮಂದಿಗೆ ಬಟ್ಟೆ ಒದಗಿಸುವುದೇ ಸಾಕುಬೇಕಾಗಿದೆ. ಬಗೆಬಗೆಯ ಬಂದೂಕುಗಳಿಗೆ ತಕ್ಕ ಮದ್ದಿನ ಪ್ರಮಾಣವನ್ನು ತಿಳಿಸುವ ಹಸ್ತಪ್ರತಿಯೊಂದನ್ನು ಕಂಡುದಾಗಿಯೂ, ಉಪಯೋಗವಾಗುವುದಾದರೆ ಪ್ರತಿ ಮಾಡಿಸಿ ಕಳುಹಿಸುವುದಾಗಿಯೂ ಹೇಳುತ್ತಾಳೆ. ಸೋಪಿನ ಕೊಪ್ಪರಿಗೆ ಮತ್ತು ಕೋವಿಮದ್ದು ಇಲ್ಲಿ ಒಂದೇ ಗೃಹಿಣಿಯ ಲೆಕ್ಕದೊಳಗಿವೆ. ಶಾಲೆಯ ಮೆಟ್ಟಿಲು ಹತ್ತದ ಆಕೆಯ ಬರವಣಿಗೆ ಮಾತಿನ ಲಯವನ್ನು ಬಿಟ್ಟುಕೊಡದೆ, ಒಂದು ವಿಷಯದಿಂದ ಇನ್ನೊಂದಕ್ಕೆ ಸರಾಗವಾಗಿ ಸಾಗುತ್ತದೆ. ರಾಜಕೀಯ ಮತ್ತು ಮನೆವಾರ್ತೆಯನ್ನು ಬೇರ್ಪಡಿಸಿದವರು ನಂತರದ ಓದುಗರೇ ಹೊರತು ಅಬಿಗೇಲ್ ಅಲ್ಲ.

ಏಪ್ರಿಲ್ 14ರ ಉತ್ತರದಲ್ಲಿ ಜಾನ್ ಇದನ್ನು ನಗೆಯಾಡಿ ತಳ್ಳಿಹಾಕಿದನು. ಗಂಡಸರು ಹೆಸರಿಗಷ್ಟೇ ಯಜಮಾನರೆಂದನು. ಆದರೆ ಮೇ 26ರಂದು ಜೇಮ್ಸ್ ಸಲಿವನ್‌ನಿಗೆ ಬರೆದಾಗ ನಗೆ ಇರಲಿಲ್ಲ. ಮತದಾನದ ಅರ್ಹತೆಯನ್ನು ಸಡಿಲಿಸಿದರೆ ಹೆಂಗಸರೂ ಹಕ್ಕು ಕೇಳುತ್ತಾರೆಂದು ಅವನು ಗಂಭೀರವಾಗಿಯೇ ಎಚ್ಚರಿಸಿದನು. ಅಷ್ಟರಲ್ಲಿ, ಮೇ 7ರ ಪತ್ರದಲ್ಲಿ, ಜನಾಂಗಗಳನ್ನೆಲ್ಲ ಬಿಡುಗಡೆಗೊಳಿಸ ಹೊರಟವರು ಹೆಂಡಿರ ಮೇಲಿನ ನಿರಂಕುಶಾಧಿಕಾರವನ್ನು ಮಾತ್ರ ಉಳಿಸಿಕೊಳ್ಳುವುದು ಔದಾರ್ಯವಲ್ಲವೆಂದು ಅಬಿಗೇಲ್ ಮರುನುಡಿದಿದ್ದಳು.

ರಾಷ್ಟ್ರಮಟ್ಟದಲ್ಲಿ ಲಿಂಗದ ಕಾರಣಕ್ಕೆ ಮತಾಧಿಕಾರ ನಿರಾಕರಿಸುವುದು ನಿಷಿದ್ಧವಾದುದು 1920ರಲ್ಲಿ, ಸಂವಿಧಾನದ 19ನೆಯ ತಿದ್ದುಪಡಿಯಿಂದ. ಅಬಿಗೇಲಳಾದರೋ ಕಾನೂನು ಬದಲಾಗುವವರೆಗೆ ಕಾಯಲಿಲ್ಲ. 1816ರಲ್ಲಿ, ಪತಿ ಬದುಕಿದ್ದಾಗಲೇ, ವಿವಾಹಿತೆಗೆ ಸ್ವಂತ ಆಸ್ತಿಯೇ ಇಲ್ಲವೆನ್ನುತ್ತಿದ್ದ ಕಾಲದಲ್ಲಿ, ಆಕೆ ಉಯಿಲು ಬರೆದಳು. ತನ್ನದೆಂದು ಭಾವಿಸಿದ್ದರ ಬಹುಪಾಲನ್ನು ಬಂಧುವರ್ಗದ ಹೆಣ್ಣುಮಕ್ಕಳಿಗೂ ಮನೆಗೆಲಸದ ಹೆಂಗಸರಿಗೂ ಹಂಚಿದಳು. ನಾಲ್ಕು ದಶಕಗಳ ಹಿಂದೆ ಪತಿ ನಕ್ಕು ಬದಿಗಿರಿಸಿದ ಮಾತನ್ನು ಆಕೆ ತನ್ನ ಕೈಗೆಟಕುವಷ್ಟು ಜಾಗದಲ್ಲಿ ನಡೆಸಿ ತೋರಿಸಿದಳೆಂದೇ ಈ ಉಯಿಲನ್ನು ಓದಬೇಕಾಗುತ್ತದೆ.