ಹಾಳೆಯೂ ಬೇಕು, ಕಿವಿಯೂ ಬೇಕು

ನೋವನ್ನು ಬರೆದುಕೊಂಡರೆ ಮನಸ್ಸು ಹಗುರಾಗುತ್ತದೆ ಎಂಬ ಮಾತು ಹಳೆಯದು. ಅದು ನಿಜವೇ ಎಂದು ಪರೀಕ್ಷಿಸಿ ನೋಡುವ ಕೆಲಸ ಮಾತ್ರ ಈಚಿನದು. ಅಮೆರಿಕದ ಡಲ್ಲಾಸ್‌ನಲ್ಲಿ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 46 ಕಾಲೇಜು ವಿದ್ಯಾರ್ಥಿಗಳನ್ನು ಕೂರಿಸಿ, ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಸಿದರು. ಒಂದು ಗುಂಪಿಗೆ ಸಾಧಾರಣ ವಿಷಯ ಕೊಟ್ಟರು. ಉಳಿದ ಮೂರು ಗುಂಪುಗಳು ತಮ್ಮ ಬದುಕಿನ ದೊಡ್ಡ ಆಘಾತವನ್ನು ಬರೆಯಬೇಕಿತ್ತು: ಒಂದು ಗುಂಪು ಘಟನೆಯನ್ನಷ್ಟೇ, ಇನ್ನೊಂದು ಆಗ ಅನ್ನಿಸಿದ್ದನ್ನಷ್ಟೇ, ಮತ್ತೊಂದು ಎರಡನ್ನೂ.

1986ರಲ್ಲಿ ಪ್ರಕಟವಾದ ಫಲಿತಾಂಶ ಕುತೂಹಲಕರವಾಗಿತ್ತು. ಘಟನೆ, ಭಾವನೆ ಎರಡನ್ನೂ ಬರೆದವರು ಬರೆದ ಕೂಡಲೇ ಇನ್ನಷ್ಟು ಕುಗ್ಗಿದ್ದರು. ಆದರೆ ಮುಂದಿನ ಆರು ತಿಂಗಳಲ್ಲಿ ಅನಾರೋಗ್ಯವೆಂದು ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಅವರೇ ಕಡಿಮೆ. ಬರಿ ಭಾವನೆ ತೋಡಿಕೊಂಡವರಿಗೆ ಆ ಲಾಭ ಸಿಗಲಿಲ್ಲ. ಮುಂದೆ ಇಂಥ ಬರಹಗಳ ಪದಗಳನ್ನು ಕಂಪ್ಯೂಟರಿನಿಂದ ಎಣಿಸಿದಾಗಲೂ ಇದೇ ಸುಳಿವು ಸಿಕ್ಕಿತು. ದಿನದಿಂದ ದಿನಕ್ಕೆ ‘ಏಕೆಂದರೆ’, ‘ಈಗ ಅರ್ಥವಾಗುತ್ತಿದೆ’ ಎಂಬಂಥ ಮಾತು ಹೆಚ್ಚಿಸಿಕೊಂಡವರು ಹೆಚ್ಚು ಚೇತರಿಸಿಕೊಂಡಿದ್ದರು. ಕಾರಿಕೊಳ್ಳುವುದಕ್ಕಿಂತ, ಚೆಲ್ಲಾಪಿಲ್ಲಿಯಾದದ್ದನ್ನು ಒಂದು ಕಥೆಯಾಗಿ ಜೋಡಿಸಿಕೊಳ್ಳುವುದೇ ಮುಖ್ಯ ಎಂಬುದು ಅಲ್ಲಿಂದ ಮುಂದಿನ ಸಂಶೋಧನೆಗೆ ದಾರಿ ತೋರಿತು.

ಮೂರು ಹಳೆಯ ದಾರಿಗಳು

ಬರವಣಿಗೆ ಒಂಟಿಯಾಗಿ ಬೆಳೆದುದಲ್ಲ. ಅದರ ಪಕ್ಕದಲ್ಲೇ ಇನ್ನೆರಡು ದಾರಿಗಳಿದ್ದವು. ಮೊದಲನೆಯದು ಜೊತೆಗಾರಿಕೆ. 1904ರಲ್ಲಿ ನ್ಯೂಯಾರ್ಕಿನ ಮಕ್ಕಳ ನ್ಯಾಯಾಲಯದ ಗುಮಾಸ್ತ ಅರ್ನೆಸ್ಟ್ ಕೌಲ್ಟರ್, ಕಟಕಟೆ ಹತ್ತಿದ ಒಬ್ಬೊಬ್ಬ ಹುಡುಗನಿಗೆ ಒಬ್ಬೊಬ್ಬ ಹಿರಿಯ ಗೆಳೆಯ ಸಿಗಲಿ ಎಂದು ಕರೆ ಕೊಟ್ಟ. ಅದು ‘ಬಿಗ್ ಬ್ರದರ್ಸ್’ ಚಳವಳಿಯಾಯಿತು. 1995ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಪ್ರಕಾರ, ಹೀಗೆ ಮೆಂಟರ್ ಸಿಕ್ಕ ಮಕ್ಕಳು ಮಾದಕ ವಸ್ತು ಬಳಸಲು ತೊಡಗುವ ಸಾಧ್ಯತೆ ಉಳಿದವರಿಗಿಂತ ಶೇ 46ರಷ್ಟು ಕಡಿಮೆ.

ಎರಡನೆಯದು ಆಪ್ತಸಲಹೆ. 1942ರಲ್ಲಿ ಪುಸ್ತಕ ಬರೆದು ಮನೋವಿಜ್ಞಾನಿ ಕಾರ್ಲ್ ರೋಜರ್ಸ್, ಸಲಹೆಗಾರ ಬುದ್ಧಿ ಹೇಳುವುದನ್ನು ಬಿಟ್ಟು ಕೇಳಿಸಿಕೊಳ್ಳುವುದನ್ನು ಕಲಿಯಬೇಕು ಎಂದ. ಬಂದವರೇ ತಮ್ಮ ದಾರಿ ಕಂಡುಕೊಳ್ಳುತ್ತಾರೆ, ಅದಕ್ಕೆ ತಕ್ಕ ವಾತಾವರಣ ಕೊಡುವುದಷ್ಟೇ ಸಲಹೆಗಾರನ ಕೆಲಸ ಎಂಬುದು ಅವನ ನಿಲುವು. ಮೂರನೆಯದು ಬರವಣಿಗೆಯದೇ ದಾರಿ, ನೋಟ್‌ಬುಕ್ಕು. 1966ರಲ್ಲಿ ಮನೋಚಿಕಿತ್ಸಕ ಐರಾ ಪ್ರೋಗಾಫ್ ದಿನಚರಿಯನ್ನು ವಿಭಾಗಗಳಾಗಿ ಒಡೆದು, ಬರೆಯುತ್ತ ತನ್ನನ್ನೇ ಮಾತಾಡಿಸಿಕೊಳ್ಳುವ ಕ್ರಮವೊಂದನ್ನು ರೂಪಿಸಿದ.

ಈ ಮೂರನ್ನೂ ವಿದ್ವಾಂಸರಿಗಿಂತ ಮೊದಲೇ ಹೊಸೆದವರು ಕುಡಿತ ಬಿಡಲು ಹೆಣಗುತ್ತಿದ್ದವರು. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಹನ್ನೆರಡು ಹೆಜ್ಜೆಗಳಲ್ಲಿ ನಾಲ್ಕನೆಯದು ತನ್ನ ತಪ್ಪು, ಸಿಟ್ಟು, ಭಯಗಳ ಪಟ್ಟಿ ಬರೆಯುವುದು. ಐದನೆಯದು ಅದನ್ನು ಇನ್ನೊಬ್ಬರ ಮುಂದೆ ಹೇಳುವುದು. ಕೇಳಿಸಿಕೊಳ್ಳುವವನು ಬಹುತೇಕ ತಾನೂ ಕುಡಿತ ಬಿಟ್ಟ ‘ಸ್ಪಾನ್ಸರ್’. ಬೆಂಗಳೂರಿನ ಎ.ಎ. ಸಭೆಗಳಲ್ಲೂ ಇವತ್ತಿಗೂ ಇದೇ ಕ್ರಮ.

ಉತ್ಸಾಹಕ್ಕೆ ಕಡಿವಾಣ

ಪೆನ್ನೆಬೇಕರ್ ಪ್ರಯೋಗದ ಬಳಿಕ ಅಧ್ಯಯನಗಳ ಸುಗ್ಗಿಯೇ ಬಂತು. 1999ರಲ್ಲಿ ಜೋಶುವಾ ಸ್ಮಿತ್ ತಂಡ ಅಸ್ತಮಾ ಮತ್ತು ಸಂಧಿವಾತದ 112 ರೋಗಿಗಳನ್ನು ಪರೀಕ್ಷಿಸಿತು. ಆಘಾತದ ಬಗ್ಗೆ ಬರೆದವರಲ್ಲಿ ಶೇ 47 ಮಂದಿಗೆ ನಾಲ್ಕು ತಿಂಗಳ ನಂತರ ಗಣನೀಯ ಸುಧಾರಣೆ ಕಂಡಿತು. ಮಾಮೂಲಿ ವಿಷಯ ಬರೆದವರಲ್ಲಿ ಅದು ಶೇ 24. ಪತ್ರಿಕೆಗಳಲ್ಲೂ ಇದು ಸುದ್ದಿಯಾಯಿತು. 2006ರಲ್ಲಿ ಜೋಆನ್ ಫ್ರಟರೋಲಿ 146 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದರು. ಪರಿಣಾಮ ನಿಜ, ಆದರೆ ಸಣ್ಣದು ಎಂದಾಯಿತು.

ಕೆಲವರಿಗೆ ನೋವನ್ನು ಬರೆಯುವುದು ಒಗ್ಗುವುದೂ ಇಲ್ಲ. ಸಂಗಾತಿಯಿಂದ ಆಗಷ್ಟೇ ಬೇರೆಯಾದವರ ಮೇಲೆ ನಡೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ‘ಯಾಕೆ ಹೀಗಾಯಿತು’ ಎಂದು ಹಗಲಿರುಳು ಮೆಲುಕು ಹಾಕುವ ಸ್ವಭಾವದವರಿಗೆ ನೋವಿನ ಬಗ್ಗೆ ಬರೆದದ್ದು ಚೇತರಿಕೆಗೆ ಅಡ್ಡಿಯೇ ಆಯಿತು. ಅವತ್ತು ಏನೇನು ಮಾಡಿದೆ ಎಂದು ಸುಮ್ಮನೆ ದಿನಚರಿ ಬರೆದವರೇ ವಾಸಿಯಾಗಿದ್ದರು. ಇದಕ್ಕೆ ಪ್ರತಿಯಾಗಿ, ಚಿಕಿತ್ಸಕರ ಜೊತೆಯಿದ್ದಾಗ ಬರವಣಿಗೆಯ ಬಲ ಎದ್ದು ಕಂಡಿತು. ಡೆನಿಸ್ ಸ್ಲೋನ್ ಮತ್ತು ಬ್ರಯಾನ್ ಮಾರ್ಕ್ಸ್ ರೂಪಿಸಿದ ಐದು ಭೇಟಿಗಳ ಬರವಣಿಗೆ ಚಿಕಿತ್ಸೆ, ಆಘಾತೋತ್ತರ ಒತ್ತಡ ಇದ್ದವರಲ್ಲಿ ಹನ್ನೆರಡು ಭೇಟಿಗಳ ಪ್ರಸಿದ್ಧ ಚಿಕಿತ್ಸೆಗೆ ಸರಿಸಮನಾಗಿ ನಿಂತಿತು ಎಂದು 2018ರ ವರದಿ ಹೇಳಿತು. ಅರ್ಧಕ್ಕೇ ಬಿಟ್ಟುಹೋದವರೂ ಇದರಲ್ಲೇ ಬಹಳ ಕಡಿಮೆ.

ಬರೆಯಲು ಬಾರದವರಿಗೆ

ಹಾಗಾದರೆ ಅಕ್ಷರ ಕಲಿಯದವರ ಗತಿ ಏನು? ಜರ್ಮನಿಯ ಕಾನ್‌ಸ್ಟಾನ್ಸ್ ವಿಶ್ವವಿದ್ಯಾಲಯದ ತಜ್ಞರು ಯುಗಾಂಡದ ನಿರಾಶ್ರಿತರ ಶಿಬಿರಗಳಲ್ಲಿ ಇದಕ್ಕೆ ಉತ್ತರ ಹುಡುಕಿದರು. ನೆಲದ ಮೇಲೆ ಹಗ್ಗವೊಂದನ್ನು ಹಾಸುತ್ತಾರೆ. ಅದೇ ಆ ವ್ಯಕ್ತಿಯ ಆಯುಷ್ಯ. ಸುಖದ ದಿನಕ್ಕೊಂದು ಹೂವು, ಕೆಟ್ಟ ದಿನಕ್ಕೊಂದು ಕಲ್ಲು. ಆಮೇಲೆ ಒಂದೊಂದು ಕಲ್ಲಿನ ಬಳಿಯೂ ನಿಂತು ನಡೆದದ್ದನ್ನು ಹೇಳಿಸುತ್ತಾರೆ. ಬರೆದುಕೊಳ್ಳುವವರು ಸಲಹೆಗಾರರು. ಮುಂದಿನ ಭೇಟಿಯಲ್ಲಿ ಅದನ್ನು ಓದಿ ಹೇಳುತ್ತಾರೆ, ತಪ್ಪಿದ್ದರೆ ತಿದ್ದುತ್ತಾರೆ, ಕೊನೆಗೆ ಇಡೀ ಜೀವನಕಥೆಯನ್ನು ಹೇಳಿದವರ ಕೈಗೇ ಕೊಡುತ್ತಾರೆ. ತರಬೇತಿ ಪಡೆದ ನಿರಾಶ್ರಿತರೇ ಈ ಕೆಲಸವನ್ನು ಚೆನ್ನಾಗಿ ಮಾಡಬಲ್ಲರು ಎಂಬುದೂ ಅಲ್ಲಿ ಸಾಬೀತಾಯಿತು.

ವೈದ್ಯರಲ್ಲದವರ ಈ ಶಕ್ತಿ ಬೇರೆಡೆಯೂ ಕಂಡಿದೆ. ಜಿಂಬಾಬ್ವೆಯ ಮನೋವೈದ್ಯ ಡಿಕ್ಸನ್ ಚಿಬಾಂಡ ಹರಾರೆಯ ಆರೋಗ್ಯ ಕೇಂದ್ರಗಳ ಅಂಗಳದಲ್ಲಿ ಬೆಂಚು ಹಾಕಿಸಿ ಅಜ್ಜಿಯರನ್ನು ಕೂರಿಸಿದರು. ಈ ‘ಫ್ರೆಂಡ್‌ಶಿಪ್ ಬೆಂಚ್’ ಖಿನ್ನತೆಯನ್ನು ಇಳಿಸುತ್ತದೆ ಎಂದು 2016ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ನಮ್ಮ ನೆರೆಯ ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ‘ಸಂಗತ್’ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಾಮಾನ್ಯ ಜನರನ್ನೇ ಸಲಹೆಗಾರರನ್ನಾಗಿ ತಯಾರು ಮಾಡಿ ಇದೇ ಬಗೆಯ ಯಶಸ್ಸು ಕಂಡರು.

ಕನ್ನಡದ ನೆಲದಲ್ಲಿ

ಇಲ್ಲಿಯ ದಾರಿ ಪುಸ್ತಕದಿಂದಲೂ ಆಸ್ಪತ್ರೆಯಿಂದಲೂ ಹೊರಟಿತು. ‘ಕೊರವಂಜಿ’ ಮಾಸಪತ್ರಿಕೆಯಿಂದ ನಾಡನ್ನು ನಗಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1974ರಲ್ಲಿ ರೂಪುಗೊಂಡ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್, ಅದೇ ದಶಕದಲ್ಲಿ ಸಕಲವಾರದಲ್ಲಿ ಸಮುದಾಯ ಘಟಕ ತೆರೆದು ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟಿತು. ಬಳ್ಳಾರಿಯಲ್ಲಿ ಈ ಪ್ರಯೋಗ ಜಿಲ್ಲೆಯ ಮಟ್ಟಕ್ಕೆ ಬೆಳೆದು, 1996ರ ರಾಷ್ಟ್ರೀಯ ಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ನಿಮ್ಹಾನ್ಸ್‌ನಲ್ಲೇ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಸರಳ ಕನ್ನಡದ ಪುಸ್ತಕಗಳಿಂದ ಆಪ್ತಸಲಹೆಯನ್ನು ಮನೆಮನೆಗೆ ಮುಟ್ಟಿಸಿದರು. ಕಾಯಿಲೆ ಬಿದ್ದವರೂ ಬರೆದರು: ಭಾರತಿ ಬಿ.ವಿ. ಅವರ ‘ಸಾಸಿವೆ ತಂದವಳು’ ಕ್ಯಾನ್ಸರಿನೊಡನೆ ಸೆಣಸಿದ ಅನುಭವ ಕಥನ. ಅಂಥ ಪುಸ್ತಕ ಬರೆದವರಿಗಷ್ಟೇ ಅಲ್ಲ, ಅದೇ ವಾರ್ಡಿನಲ್ಲಿ ಮಲಗಿ ಓದುವವರಿಗೂ ಜೊತೆಯಾಗುತ್ತದೆ.

ನಮ್ಮಲ್ಲಿ ಕೊರತೆ ಇರುವುದು ಈ ಮೂರು ದಾರಿಗಳು ಕೂಡುವ ಕಡೆ. ಡೈರಿ ಬರೆಸುವ ಶಿಬಿರಗಳಲ್ಲಿ ಬರೆದದ್ದನ್ನು ಮುಂದೆ ಯಾರಿಗೆ ತೋರಿಸಬೇಕೆಂದು ಹೇಳುವವರಿಲ್ಲ. ಆಪ್ತಸಲಹೆಯ ಕೋಣೆಯಲ್ಲಿ ಪೆನ್ನಿಗೆ ಜಾಗ ಕಡಿಮೆ. ಹಾಗೆಂದು ಕೇಳುವವರೇ ಇಲ್ಲವೆಂದಲ್ಲ: 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಹಗಲುರಾತ್ರಿ ಕನ್ನಡದಲ್ಲೂ ಕಿವಿಗೊಡುತ್ತದೆ. ಮೂರ್ನಾಲ್ಕು ದಿನ ಬರೆದ ಮೇಲೂ ಮನಸ್ಸು ಅಲ್ಲಲ್ಲೇ ಸುತ್ತುತ್ತಿದ್ದರೆ ಪೆನ್ನು ಕೆಳಗಿಟ್ಟು ಇನ್ನೊಬ್ಬರೊಡನೆ ಮಾತಾಡಬೇಕು. ಇಷ್ಟು ವರ್ಷಗಳ ಸಂಶೋಧನೆಯಿಂದ ಬರೆಯುವವರು ಕಲಿಯಬೇಕಾದದ್ದು ಇದು. ಕೇಳಿಸಿಕೊಳ್ಳುವವರು ಕಲಿಯಬೇಕಾದದ್ದು, ಬಂದವರ ಕಥೆಯನ್ನು ಅವರೇ ಜೋಡಿಸಿಕೊಳ್ಳುವವರೆಗೆ ಕಾಯುವುದು.